ರೋಲರ್ ಕ್ರಿಂಪರ್: ‘ಕತ್ತರಿ ಉರುಳೆ’ ಸರಿಯೇ?

ಪ್ರಶ್ನೆ: ಉಳುಮೆಯಿಲ್ಲದ ಬೇಸಾಯದಲ್ಲಿ ಕಳೆನಾಶಕ ತಗ್ಗಿಸುವ ಬಗ್ಗೆ ಕೈಪಿಡಿಯೊಂದನ್ನು ಕನ್ನಡದಲ್ಲಿ ತರುತ್ತಿದ್ದೇವೆ. ಮುಖ್ಯ ಬೆಳೆಗೆ ಮುಂಚೆ ನೆಲ ಮುಚ್ಚಲೆಂದು ಬೆಳೆಯುವ ಹೊದಿಕೆ ಬೆಳೆಯನ್ನು ನೆಲಕ್ಕೆ ಒತ್ತಿ ಸಾಯಿಸುವ ಯಂತ್ರವಾದ ರೋಲರ್ ಕ್ರಿಂಪರ್‌ಗೆ ‘ಕತ್ತರಿ ಉರುಳೆ’, ಆ ಬೆಳೆಯನ್ನು ಸಾಯಿಸುವ ಕೆಲಸಕ್ಕೆ, ಅಂದರೆ ಟರ್ಮಿನೇಶನ್‌ಗೆ, ‘ಮುಕ್ತಾಯ’ ಅಂತ ಹಾಕಿದ್ದೇವೆ. ಒಪ್ಪುತ್ತದೆಯೇ?

ಉತ್ತರ: ‘ಕತ್ತರಿ’ ಬೇಡ. ಆ ಯಂತ್ರ ಕತ್ತರಿಸಿದರೆ ಕೆಲಸವೇ ಕೆಟ್ಟಿತು. ಉರುಳೆಯ ಮೈಮೇಲಿನ ಕಬ್ಬಿಣದ ಪಟ್ಟಿಗಳ ಅಂಚನ್ನು ಬೇಕೆಂದೇ ಮೊಂಡಾಗಿ ಇಟ್ಟಿರುತ್ತಾರೆ. ನೀರು ತುಂಬಿಸಿ ಭಾರ ಹೆಚ್ಚಿಸಿದ ಉರುಳೆ ದಂಟನ್ನು ಅಲ್ಲಲ್ಲಿ ಜಜ್ಜುತ್ತದೆ. ದಂಟಿನೊಳಗೆ ನೀರು ಹರಿಯದೆ ಗಿಡ ಒಣಗುತ್ತದೆ, ಬೇರು ಮಾತ್ರ ಹುಲ್ಲನ್ನು ಜಾಗದಲ್ಲೇ ಹಿಡಿದಿರುತ್ತದೆ. ಕತ್ತರಿಸಿದರೆ ಬಿಡಿ ತುಂಡುಗಳು ಬಿತ್ತನೆ ಕೂರಿಗೆಗೆ ಸಿಕ್ಕಿ ರಾಶಿಯಾಗುತ್ತವೆ. ಬ್ರೆಜಿಲ್‌ನಲ್ಲಿ ಇಂಥದ್ದಕ್ಕೆ ಪೋರ್ಚುಗೀಸಿನಲ್ಲಿ ‘ರೋಲೊ ಫಾಕಾ’, ಅಂದರೆ ಚಾಕು ಉರುಳೆ, ಅನ್ನುತ್ತಾರೆ. ಗೊಂದಲ ಅಲ್ಲಿಂದಲೂ ಬಂದಿರಬಹುದು. ನನ್ನ ಮತ ‘ಜಜ್ಜುರುಳೆ’ಗೆ. ಕಣದ ರೋಣಗಲ್ಲು ಕಂಡವರಿಗೆ ತಟ್ಟನೆ ಹೊಳೆಯುತ್ತದೆ, ಆದರೆ ಅದು ಕಾಳು ಬಿಡಿಸುವ ಕಲ್ಲು, ಹೆಸರನ್ನೇ ಎರವಲು ತರುವುದು ಬೇಡ.

‘ಮುಕ್ತಾಯ’ ಸಮಾರಂಭದ ಮಾತು. ‘ಮಲಗಿಸು’ ಅನ್ನಲು ಮನಸ್ಸಾಗುತ್ತದೆ, ಅದೂ ಸಾಲದು: ಗಾಳಿಮಳೆಗೆ ಮಲಗಿದ ಪೈರು ಮತ್ತೆ ಏಳುತ್ತದಲ್ಲ! ಅಮೆರಿಕದಲ್ಲಿ ಸೋಯಾ ಅವರೆಗೆ ಮುಂಚೆ ಹೊದಿಕೆ ಬೆಳೆಯಾಗಿ ಬೆಳೆಯುವ ರೈ ಎಂಬ ಗೋಧಿಯಂಥ ಧಾನ್ಯದಲ್ಲಿ ಆಗುವ ಎಡವಟ್ಟೇ ಇದು. ತೆನೆ ಇನ್ನೂ ಹೊಡೆಯಲ್ಲಿ, ಅಂದರೆ ಎಲೆಯ ಒರೆಯೊಳಗೇ, ಇರುವಾಗ ಉರುಳಿಸಿದರೆ ಕೆಲವೇ ದಿನದಲ್ಲಿ ತಲೆ ಎತ್ತುತ್ತದೆ. ಹೂವಾಗಿ, ತೆನೆ ಅಲುಗಿಸಿದರೆ ಹಳದಿ ಪರಾಗ ಉದುರುವ ಹೊತ್ತಿಗೆ ಉರುಳಿಸಿದರೆ ಮಾತ್ರ ಸಾಯುತ್ತದೆ. ಆಗ ಗ್ಲೈಫೊಸೇಟ್ ಎಂಬ ಕಳೆನಾಶಕ ಹೊಡೆಯುವ ಒಂದು ಸರದಿ ತಪ್ಪಿತು. ಹಾಗಾಗಿ ನೇರವಾಗಿ ‘ಜಜ್ಜಿ ಸಾಯಿಸು’ ಎನ್ನಿ. ಉರುಳಿಸಿದ ದಿಕ್ಕಿನಲ್ಲೇ ಬಿತ್ತಬೇಕು ಎಂಬ ಸಾಲು ಬಿಟ್ಟುಹೋಗದಿರಲಿ. ಅಡ್ಡ ಹೋದರೆ ಹುಲ್ಲು ಮಡಚಿಕೊಂಡು ಸಾಲಿಗೆ ಇಳಿದು, ಬೀಜ ಮಣ್ಣಿಗೆ ತಾಗದೆ ಹುಲ್ಲಿನ ಮೇಲೆ ಕೂರುತ್ತದೆ.

ಇನ್ನೊಂದು ಮಾತು. ‘ಹೊದಿಕೆ’ಯನ್ನು ನಿಂತ ಬೆಳೆಗೂ ಬಿದ್ದ ಹುಲ್ಲಿಗೂ ಬಳಸಿದರೆ ಓದುವವರು ದಾರಿ ತಪ್ಪುತ್ತಾರೆ. ನಿಂತದ್ದು ಹೊದಿಕೆ ಬೆಳೆ, ಬಿದ್ದು ನೆಲ ಮುಚ್ಚಿದ್ದು ಮುಚ್ಚಿಗೆ. ನಮ್ಮಲ್ಲಿ ಅಪ್ಸೆಣಬು ಬಿತ್ತಿ ಹೂವಿನಲ್ಲಿ ಮಣ್ಣಿಗೆ ಸೇರಿಸಿದರೆ ಅದು ಹಸಿರೆಲೆ ಗೊಬ್ಬರ, ಮುಚ್ಚಿಗೆಯಲ್ಲ.

ಮುಖಪುಟಕ್ಕೆ ‘ಕಳೆನಾಶಕ ಮುಕ್ತ’ ಅಂತ ಹಾಕಬೇಡಿ. ರೈ ಮುಚ್ಚಿಗೆ ಎಕರೆಗೆ ಒಣ ತೂಕದಲ್ಲಿ 3 ಟನ್ ದಾಟಿದರೆ ಬೀಜದಿಂದ ಹುಟ್ಟುವ ಸಣ್ಣ ಕಳೆಗಳನ್ನು ಚೆನ್ನಾಗಿ ತಡೆಯುತ್ತದೆ. ಜೇಕು ಮಾತ್ರ ನೆಲದೊಳಗಿನ ಗೆಡ್ಡೆಯಿಂದ ಸೂಜಿಯಂತೆ ತೂರಿಕೊಂಡು ಬರುತ್ತದೆ, ಗರಿಕೆಯೂ ನೆಲದೊಳಗಿನ ಕಾಂಡದಿಂದ ಹಾಗೆಯೇ ಬರುತ್ತದೆ. ‘ಕಳೆನಾಶಕ ತಗ್ಗಿಸಿ’ ಅಂತಲೇ ಇರಲಿ.