‘ನಮ್ಮ ಮನೆ ಬಳಗ’ ಗುಂಪಿನಲ್ಲಿ ಬಿಸಿನೀರಿನ ಜಗಳ

ದೊಡ್ಡಮ್ಮ (ಫಾರ್ವರ್ಡ್): ಗರ್ಭಿಣಿಯರೇ ಎಚ್ಚರ!! 39 ಡಿಗ್ರಿಗಿಂತ ಬಿಸಿಯಾದ ನೀರು ಮೈಗೆ ಬಿದ್ದರೆ ಮಗುವಿನ ಮಿದುಳಿಗೆ ಹಾನಿ. ಒಂಬತ್ತು ತಿಂಗಳೂ ತಣ್ಣೀರೇ ಸ್ನಾನ ಮಾಡಿ. ಮನೆಯ ಹೆಣ್ಣುಮಕ್ಕಳಿಗೆಲ್ಲ ತಪ್ಪದೇ ಕಳಿಸಿ.

ದೊಡ್ಡಮ್ಮ: ಪುಟ್ಟಿ, ಓದಿದೆಯಾ? ಇವತ್ತಿನಿಂದ ಗೀಸರ್ ಬಂದ್.

ಪುಟ್ಟಿ: ದೊಡ್ಡಮ್ಮ, ಐದು ತಿಂಗಳಾಗುತ್ತಿದ್ದ ಹಾಗೆ ಸಂಜೆ ಹೊತ್ತಿಗೆ ಸೊಂಟ ಹಿಡಿದುಕೊಳ್ಳುತ್ತದೆ. ಬಿಸಿನೀರು ಹುಯ್ದುಕೊಂಡರೆ ಮಾತ್ರ ನಿದ್ದೆ. ಅದೂ ಬೇಡವಾ?

ಅತ್ತೆ: ತೀರ್ಥಹಳ್ಳಿ ಮಳೆಯಲ್ಲಿ ತಣ್ಣೀರು ಸ್ನಾನ ಮಾಡಿದ ಬಸುರಿಯನ್ನು ನಾನು ಕಂಡಿಲ್ಲ. ಹಂಡೆ ನೀರು ಮಿಂದೇ ನಮಗೆಲ್ಲ ಮಕ್ಕಳಾಗಿದ್ದು.

ಚಿಕ್ಕಪ್ಪ: ಅದೆಲ್ಲ ಆ ಕಾಲ. ಇಲ್ಲಿ ಡಿಗ್ರಿ ಲೆಕ್ಕ ಸಮೇತ ಬರೆದಿದ್ದಾರೆ. ಸುಮ್ನೆ ಬರೆಯುತ್ತಾರಾ?

ಅಕ್ಕ: ಡ್ಯೂಟಿ ಮುಗಿಸಿ ಈಗ ನೋಡಿದೆ. ಚಿಕ್ಕಪ್ಪ, ಅಂಕಿ ಸುಳ್ಳಲ್ಲ, ಆದರೆ ಅದನ್ನು ತಪ್ಪು ಜಾಗಕ್ಕೆ ಅಂಟಿಸಿದ್ದಾರೆ. 39 ಡಿಗ್ರಿ ಅನ್ನುವುದು ನೀರಿನ ಬಿಸಿಯಲ್ಲ, ತಾಯಿಯ ಮೈಯೊಳಗಿನ ಶಾಖ. ನಮ್ಮೆಲ್ಲರ ಮೈ ಸುಮಾರು 37 ಇರುತ್ತದೆ. ಅದು 39 ದಾಟಿ ಸ್ವಲ್ಪ ಹೊತ್ತು ಹಾಗೇ ನಿಂತರೆ ತೊಂದರೆ. ಜಾಸ್ತಿ ಭಯ ಮೊದಲ ವಾರಗಳಲ್ಲಿ, ಯಾಕೆಂದರೆ ಮಗುವಿನ ಮಿದುಳು, ಬೆನ್ನುಹುರಿ ಆಗುವ ನಾಳ ಗರ್ಭ ಕಟ್ಟಿದ 28 ದಿನದ ಸುಮಾರಿಗೆ ಮುಚ್ಚಿಕೊಳ್ಳುತ್ತದೆ. ಪುಟ್ಟಿಗೆ ಆ ಘಟ್ಟ ಯಾವಾಗಲೋ ದಾಟಿದೆ.

ಚಿಕ್ಕಪ್ಪ: ಹಾಗಾದರೆ ಎಚ್ಚರಿಕೆ ಯಾಕೆ ಬಂತು?

ಅಕ್ಕ: ಹಾಟ್ ಟಬ್‌ನಿಂದ ಬಂತು, ಅಂದರೆ ಬಿಸಿನೀರಲ್ಲಿ ಮುಳುಗಿ ಕೂರುವ ತೊಟ್ಟಿ. 1992ರಲ್ಲಿ ಅಮೆರಿಕದ ‘ಜಾಮಾ’ ವೈದ್ಯಕೀಯ ಪತ್ರಿಕೆಯಲ್ಲಿ ಹಾಟ್ ಟಬ್, ಸೌನಾ (ಬೆವರಲು ಕೂರುವ ಬಿಸಿ ಕೋಣೆ), ಜ್ವರ ಇವುಗಳ ಬಗ್ಗೆ ಅಧ್ಯಯನ ಬಂತು. ಮೊದಲ ತಿಂಗಳುಗಳಲ್ಲಿ ಹಾಟ್ ಟಬ್ ಬಳಸಿದವರ ಮಕ್ಕಳಲ್ಲಿ ಆ ನಾಳದ ದೋಷ ಹೆಚ್ಚು ಕಂಡಿತ್ತು. ಕನ್ನಡಕ್ಕೆ ಬರುವಾಗ ಟಬ್ ಬಿಟ್ಟುಹೋಗಿ ಬರೀ ‘ಬಿಸಿನೀರು’ ಉಳಿದಿದೆ.

ಅಣ್ಣ (ನ್ಯೂಜೆರ್ಸಿ): ನಿಜ. ಇಲ್ಲಿ ಹಾಟ್ ಟಬ್ ಪಕ್ಕದಲ್ಲಿ ಗರ್ಭಿಣಿಯರಿಗೆ ಎಚ್ಚರಿಕೆಯ ಬೋರ್ಡೇ ಇರುತ್ತದೆ. ನೀರು 40 ಡಿಗ್ರಿವರೆಗೂ ಇರುತ್ತದೆ, ಯಂತ್ರ ಅದನ್ನು ಆರುವುದಕ್ಕೇ ಬಿಡುವುದಿಲ್ಲ.

ಅಕ್ಕ: ಅದೇ ವ್ಯತ್ಯಾಸ. ಕುತ್ತಿಗೆವರೆಗೆ ಮುಳುಗಿ ಕೂತರೆ ಬೆವರು ಆರುವುದಿಲ್ಲ, ಮೈ ಶಾಖ ಹೊರಗೆ ಹೋಗುವುದಿಲ್ಲ. ಹತ್ತು ಹದಿನೈದು ನಿಮಿಷದಲ್ಲಿ ಮೈಯೇ 39ರ ಹತ್ತಿರ ಹೋಗಬಹುದು. ನಮ್ಮ ಚೊಂಬಿನ ಸ್ನಾನದಲ್ಲಿ ನೀರು ಬೀಳುತ್ತದೆ, ಹರಿದು ಹೋಗುತ್ತದೆ, ಮೈ ಗಾಳಿಗೆ ಆರುತ್ತದೆ. ಹದವಾದ ನೀರಿಗೆ ಮೈ ಅಷ್ಟು ಕಾಯುವುದಿಲ್ಲ.

ದೊಡ್ಡಮ್ಮ: ಆದರೂ ರಿಸ್ಕ್ ಯಾಕೆ? ತಣ್ಣೀರು ಹುಯ್ದುಕೊಂಡರೆ ಯೋಚನೆಯೇ ಇಲ್ಲ ಅಲ್ವಾ?

ಅಕ್ಕ: ದೊಡ್ಡಮ್ಮ, ನಿಮ್ಮ ಕಾಳಜಿ ನನಗೆ ಗೊತ್ತು. ಆದರೆ ಸೊಂಟ ನೋವಿಗೆ ಮಾತ್ರೆ ನುಂಗುವ ಬದಲು ಉಗುರುಬೆಚ್ಚಗಿನ ನೀರು ಒಳ್ಳೆಯದು. ಅದನ್ನೂ ಕಿತ್ತುಕೊಳ್ಳುವುದು ಬೇಡ. ಅತ್ತೆ, ನಿಮಗೂ ಒಂದು ಮಾತು. ಚರ್ಮ ಕೆಂಪಾಗುವಂಥ ಕುದಿ ನೀರು ಬಾಣಂತನದ್ದು, ಬಸುರಿಗೆ ಬೇಡ. ಬಿಸಿಗೆ ರಕ್ತನಾಳ ಹಿಗ್ಗಿ ಬಿಪಿ ಇಳಿಯುತ್ತದೆ. ಈ ತಿಂಗಳುಗಳಲ್ಲಿ ಅದು ಮೊದಲೇ ಕಡಿಮೆ. ತಟ್ಟನೆ ಎದ್ದರೆ ಕಣ್ಣು ಕತ್ತಲೆ, ಎಣ್ಣೆ ಬಿದ್ದ ನೆಲದಲ್ಲಿ ಕಾಲು ಜಾರುತ್ತದೆ. ನನಗೆ ಅದರದ್ದೇ ಭಯ ಜಾಸ್ತಿ. ಪುಟ್ಟಿ, ಮೊಣಕೈ ಅದ್ದಿ ನೋಡು, ಹಿತ ಅನ್ನಿಸಬೇಕು, ಚುರುಕ್ ಅನ್ನಬಾರದು. ಸ್ಟೂಲ್ ಮೇಲೆ ಕೂತು ಮೀಯಿ. ಚಿಲಕ ಹಾಕಬೇಡ. ತಲೆ ಹಗುರ ಅನ್ನಿಸಿದರೆ ನಿಲ್ಲಿಸು.

ಪುಟ್ಟಿ: ಸರಿ ಅಕ್ಕ. ಮೊನ್ನೆ ಮಿಂದು ಬಂದ ಮೇಲೆ ತಲೆ ಸುತ್ತು, ತಲೆನೋವು ಎರಡೂ ಇತ್ತು.

ಅಕ್ಕ: ತಲೆನೋವಾ? ನಿಮ್ಮದು ಯಾವ ಗೀಸರ್? ಬಚ್ಚಲಿನ ಫೋಟೋ ಹಾಕು.

ಪುಟ್ಟಿಯ ಗಂಡ: (ಫೋಟೋ) ಗ್ಯಾಸ್ ಗೀಸರ್. ಬಾಗಿಲ ಹಿಂದೆಯೇ ಇದೆ. ಚಳಿ ಅಂತ ವೆಂಟಿಲೇಟರ್‌ಗೆ ಕಾರ್ಡ್‌ಬೋರ್ಡ್ ಟೇಪ್ ಹಾಕಿ ಅಂಟಿಸಿದ್ದೇನೆ.

ಅಕ್ಕ: ಇನ್ನು ಅದನ್ನು ಉರಿಸಲೇಬೇಡಿ. ಮುಚ್ಚಿದ ಬಚ್ಚಲಲ್ಲಿ ಗ್ಯಾಸ್ ಸರಿಯಾಗಿ ಉರಿಯದೆ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದಲ್ಲಿ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮಾಸಿನ ಮೂಲಕ ಮಗುವಿಗೂ ದಾಟುತ್ತದೆ. ತಲೆನೋವು, ಸುತ್ತು, ವಾಕರಿಕೆ ಅದರ ಲಕ್ಷಣ. ಬಸುರಿಯ ಸುಸ್ತು ಅಂತ ಅಂದುಕೊಂಡು ಬಿಟ್ಟುಬಿಡುತ್ತಾರೆ. ನಮ್ಮಲ್ಲಿ ಚಳಿಗಾಲದಲ್ಲಿ ಹೀಗೆ ಬಚ್ಚಲಲ್ಲೇ ಜೀವ ಹೋದ ಸುದ್ದಿ ಓದುತ್ತೇವಲ್ಲ, ಬಿಸಿನೀರಿನಿಂದ ಅಲ್ಲ, ಈ ಗಾಳಿಯಿಂದ.

ಚಿಕ್ಕಪ್ಪ: ಅಯ್ಯೋ, ನಮ್ಮ ಮನೆಯದೂ ಒಳಗೇ ಇದೆ.

ಅಕ್ಕ: ನಿಮ್ಮದನ್ನೂ ಹೊರಗೆ ಹಾಕಿಸಿ. ಪುಟ್ಟಿ, ಇವತ್ತೇ ಡಾಕ್ಟರಿಗೆ ಫೋನ್ ಮಾಡಿ ಆ ತಲೆನೋವು, ಗೀಸರ್ ಎರಡನ್ನೂ ಹೇಳು. ಮತ್ತೆ ಬಂದರೆ ಕಾಯಬೇಡ, ಆಸ್ಪತ್ರೆಗೆ ಹೋಗು. 38 ದಾಟಿ ಜ್ವರ ಬಂದರೂ ಹಾಗೇ.

ಪುಟ್ಟಿಯ ಗಂಡ: ಕಾರ್ಡ್‌ಬೋರ್ಡ್ ಕಿತ್ತೆ, ಸಿಲಿಂಡರ್ ಆಫ್. ಡಾಕ್ಟರ್ ಸಂಜೆಯೇ ಬರಲು ಹೇಳಿದ್ದಾರೆ. ಗೀಸರ್ ಹೊರಗೆ ಹಾಕಲು ನಾಳೆ ಪ್ಲಂಬರ್ ಬರುತ್ತಾನೆ. ಅಲ್ಲಿವರೆಗೆ ಒಲೆ ಮೇಲೆ ಕಾಯಿಸುತ್ತೇನೆ, ಬಕೆಟ್ ನಾನೇ ಎತ್ತುತ್ತೇನೆ.

ದೊಡ್ಡಮ್ಮ: ಬಕೆಟ್‌ಗೆ ಮೊದಲು ತಣ್ಣೀರು ಹಾಕು, ಆಮೇಲೆ ಬಿಸಿ. ನನಗೆ ಈಗಲೂ ತಣ್ಣೀರೇ ವಾಸಿ ಅನ್ನಿಸುತ್ತದೆ. ಡಾಕ್ಟರ್ ಏನಂದರು ಅಂತ ಇಲ್ಲೇ ಹಾಕಿ.