ಪಿಎಚ್‌ಡಿಗೆ ಹೊಲದ ಪ್ರಯೋಗವೋ, ಬರೀ ಮಾಡೆಲಿಂಗೋ?

ಪ್ರಶ್ನೆ
ಕೃಷಿ ಎಂಜಿನಿಯರಿಂಗ್‌ನಲ್ಲಿ ಎಂ.ಟೆಕ್ ಮುಗಿಯುತ್ತಾ ಬಂತು, ಮಣ್ಣು-ನೀರು ವಿಭಾಗ. ಮುಂದೆ ಪಾಠ, ಸಂಶೋಧನೆ ಎರಡನ್ನೂ ಮಾಡುವ ಆಸೆ. ಪಿಎಚ್‌ಡಿಗೆ ಎರಡು ದಾರಿ ಕಾಣುತ್ತಿವೆ. ಇಳಿಜಾರಿನ ಹೊಲದಲ್ಲಿ ಮಣ್ಣು ಎಷ್ಟು ಕೊಚ್ಚಿ ಹೋಗುತ್ತದೆ ಅಂತ ಅಳೆಯುವುದು ಒಂದು. ನದಿ ಪ್ರದೇಶದ ನೀರು, ಮಣ್ಣಿನ ಹರಿವನ್ನು ಲೆಕ್ಕ ಹಾಕುವ ಸ್ವಾಟ್ (SWAT) ಮಾಡೆಲ್ ಇಟ್ಟುಕೊಂಡು ಕಂಪ್ಯೂಟರ್‌ನಲ್ಲೇ ಕೆಲಸ ಮಾಡುವುದು ಇನ್ನೊಂದು. ಅಧ್ಯಾಪಕರಾಗೋಕೆ ಯಾವುದು ಒಳ್ಳೆಯದು?

ಉತ್ತರ 1
ಮಾಡೆಲಿಂಗ್ ತಗೊಳ್ಳಿ. ಪೇಪರ್ ಬೇಗ ಬರುತ್ತದೆ. ಆಯ್ಕೆ ಸಮಿತಿ ಮೊದಲು ನೋಡುವುದೇ ಅದನ್ನು.

ಉತ್ತರ 2
ಪೇಪರ್ ಬೇಗ ಬರುತ್ತದೆ, ಒಪ್ಪಿದೆ. ಆದರೆ ನಾನು ಹೊಲದ ಕಡೆಯವನು, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ. ಮಣ್ಣಿನ ಸವಕಳಿ ಲೆಕ್ಕಕ್ಕೆ ಎಲ್ಲರೂ ಬಳಸುವ ಯುಎಸ್‌ಎಲ್‌ಇ ಸೂತ್ರ ಇದೆಯಲ್ವಾ, ವಿಶ್‌ಮೈಯರ್ ಮತ್ತು ಸ್ಮಿತ್ 1965ರಲ್ಲಿ ಕೈಪಿಡಿಯಾಗಿ ಕೊಟ್ಟದ್ದು? ಅದು ನಿಂತಿರುವುದೇ ಹೊಲದ ತಾಕುಗಳಲ್ಲಿ ವರ್ಷಾನುಗಟ್ಟಲೆ ಅಳೆದ ಲೆಕ್ಕದ ಮೇಲೆ. ಅದರ ಮಾದರಿ ತಾಕು 22.1 ಮೀಟರ್ ಉದ್ದ, ಶೇ. 9 ಇಳಿಜಾರು. ಸ್ವಾಟ್ ಕೂಡ ಇದೇ ಸೂತ್ರವನ್ನು ಸ್ವಲ್ಪ ಬದಲಿಸಿ ಬಳಸುತ್ತದೆ.

ಮಾಡೆಲ್‌ನಲ್ಲಿ ನದಿಯ ಹರಿವು ಸರಿಯಾಗಿ ಕೂತರೂ, ಯಾವ ಇಳಿಜಾರಿನಿಂದ ಎಷ್ಟು ಮಣ್ಣು ಬಂತು ಅನ್ನುವುದು ತಪ್ಪಿರಬಹುದು. ಅದನ್ನು ಗುರುತಿಸಲು ಅಳೆದು ಅಭ್ಯಾಸ ಇರಬೇಕು. ಮಳೆ ನಿಂತ ಮೇಲೆ, ತಾಕಿನಿಂದ ಹರಿದು ತೊಟ್ಟಿಗೆ ಸೇರಿದ ನೀರನ್ನು ತಳದಿಂದ ಚೆನ್ನಾಗಿ ಕಲಕಿಯೇ ಬಾಟಲಿ ತುಂಬಬೇಕು. ಸುಮ್ನೆ ಮೇಲಿನಿಂದ ತುಂಬಿದರೆ ಮರಳು ತಳದಲ್ಲೇ ಉಳಿದು ಲೆಕ್ಕ ಕಡಿಮೆ ಬರುತ್ತದೆ. ಆಮೇಲೆ ಸೋಸಿ, 105 ಡಿಗ್ರಿಯಲ್ಲಿ ಒಣಗಿಸಿ, ತೂಗುವುದು. ಇದನ್ನು ಕೈಯಾರೆ ಮಾಡಿದವರು ತರಗತಿಯಲ್ಲಿ ನಿಂತು ಹೇಳುವ ಪಾಠವೇ ಬೇರೆ. ನನ್ನ ವಿದ್ಯಾರ್ಥಿಗಳಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇನೆ.

ಪ್ರಶ್ನೆ ಕೇಳಿದವರು
ಸರ್, ಆ ಹಂಗಾಮಿನಲ್ಲಿ ಮಳೆಯೇ ಕೈಕೊಟ್ಟರೆ? ಫೆಲೋಶಿಪ್ ಅವಧಿ ಕಾಯುವುದಿಲ್ಲವಲ್ಲ.

ಉತ್ತರ 2
ನ್ಯಾಯವಾದ ಭಯ. ಹಂಗಾಮು ತಪ್ಪಿದರೆ ವರ್ಷವೇ ಹೋದ ಹಾಗೆ. ಅದಕ್ಕೆ ಕೃತಕ ಮಳೆ ಸುರಿಸುವ ಸಿಮ್ಯುಲೇಟರ್ ಇರುವ ಲ್ಯಾಬ್ ಹುಡುಕಿ. ನಳಿಕೆಯ ಒತ್ತಡ ಹೊಂದಿಸಿ ಬೇಕಾದ ರಭಸದ ಮಳೆ ಬೀಳಿಸಬಹುದು. ನಿಜವಾದ ಮಳೆಗೆ ಅದು ಪೂರ್ತಿ ಸಮವಲ್ಲ, ಆದರೆ ಹೋಲಿಕೆಗೆ ಸಾಕು. ಮೊದಲ ವರ್ಷ ಹಳೆಯ ಡೇಟಾ ತಗೊಂಡು ಮಾಡೆಲ್ ಓಡಿಸಿ, ಒಂದು ಪೇಪರ್ ಅದರಲ್ಲೇ ಆಗುತ್ತದೆ. ಗೈಡ್ ಹತ್ತಿರ ಸೇರುವ ಮೊದಲೇ ಕೇಳಿ: ತಾಕು ಈಗಲೇ ಇದೆಯಾ, ನೀವೇ ಕಟ್ಟಬೇಕಾ? ಕಟ್ಟಬೇಕು ಅಂದರೆ ಒಂದು ಹಂಗಾಮು ಅಲ್ಲೇ ಹೋಗುತ್ತದೆ.

ಉತ್ತರ 3
ಕೊನೆಯ ಮಾತಿಗೆ ನನ್ನದೂ ದನಿ. ತಾಕಿನ ಅಂಚಿನ ತಗಡು ಮಣ್ಣಿನೊಳಗೆ ಸರಿಯಾಗಿ ಇಳಿದಿದೆಯಾ ಅಂತಲೂ ಹೋಗಿ ನೋಡಿ ಬನ್ನಿ. ಪಕ್ಕದ ನೀರು ಒಳಗೆ ನುಗ್ಗಿದರೆ ಆ ಮಳೆಯ ಡೇಟಾ ಬಿಟ್ಟುಬಿಡಬೇಕಾಗುತ್ತದೆ.