ಊಟ ಬಿಟ್ಟ ದಿನ ಇನ್ಸುಲಿನ್ ಬಿಡಬಹುದಾ?

ಪ್ರಶ್ನೆ: ಮಗಳಿಗೆ 11 ವರ್ಷ. ಟೈಪ್ 1 ಶುಗರ್ ಅಂತ ಗೊತ್ತಾಗಿ ಆರು ತಿಂಗಳು. ಕಳೆದ ವಾರ ಜ್ವರ ಬಂದು ಊಟ ಬಿಟ್ಟಳು, ಎರಡು ಸಲ ವಾಂತಿ. ಶುಗರ್ 340 ಇತ್ತು. "ಹೊಟ್ಟೆಗೇ ಏನೂ ಇಲ್ಲ, ಇನ್ಸುಲಿನ್ ಯಾಕೆ" ಅಂದರು ಅತ್ತೆ. ಹೇಗೋ ಸರಿಹೋಯಿತು. ಮುಂದೆ ಹೀಗಾದರೆ ಯಾವಾಗ ಆಸ್ಪತ್ರೆಗೆ ಓಡಬೇಕು?

ಉತ್ತರ: ಅಕ್ಕಾ, ನಿಮ್ಮ ಅತ್ತೆ ಹೇಳಿದ್ದನ್ನೇ ನಾನೂ ನಂಬಿದ್ದೆ. ನಾಲ್ಕು ವರ್ಷದ ಹಿಂದೆ, ಮಗನಿಗೆ ಆಗ ಒಂಬತ್ತು. ಜ್ವರ ಇತ್ತು, ಉಣ್ಣಲಿಲ್ಲ. ದಿನಕ್ಕೊಮ್ಮೆ ಕೊಡುವ ರಾತ್ರಿಯ ಇನ್ಸುಲಿನ್ನನ್ನೂ ಬಿಟ್ಟೆ. ಬೆಳಿಗ್ಗೆ ಹೊಟ್ಟೆನೋವು, ವಾಂತಿ. ಹತ್ತಿರದ ಕ್ಲಿನಿಕ್‌ನಲ್ಲಿ ಗ್ಯಾಸ್ಟ್ರಿಕ್ ಅಂತ ಮಾತ್ರೆ ಕೊಟ್ಟರು. ಮಧ್ಯಾಹ್ನದ ಹೊತ್ತಿಗೆ ಮಲಗಿದಲ್ಲೇ ಓಡಿಬಂದವನ ಹಾಗೆ ಜೋರಾಗಿ ಉಸಿರಾಡುತ್ತಿದ್ದ. ಬಾಯಿಂದ ಕೊಳೆತ ಹಣ್ಣಿನ ವಾಸನೆ. ಕರೆದರೆ ಕಣ್ಣು ಬಿಟ್ಟು ಮತ್ತೆ ಮುಚ್ಚುತ್ತಿದ್ದ. ಎರಡು ದಿನ ಐಸಿಯುನಲ್ಲಿದ್ದ.

ಅಲ್ಲಿನ ಡಾಕ್ಟರು ಬಿಡಿಸಿ ಹೇಳಿದರು. ಇನ್ಸುಲಿನ್ ಇಲ್ಲದಿದ್ದರೆ ರಕ್ತದಲ್ಲಿ ಎಷ್ಟು ಸಕ್ಕರೆ ಇದ್ದರೂ ಮೈಗೆ ಅದು ದಕ್ಕುವುದಿಲ್ಲ. ಆಗ ಮೈ ಕೊಬ್ಬನ್ನು ಕರಗಿಸುತ್ತದೆ, ಅದರಿಂದ ಕೀಟೋನ್ ಹುಟ್ಟಿ ರಕ್ತ ಆಮ್ಲವಾಗುತ್ತದೆ. ಇದಕ್ಕೇ ಡಿಕೆಎ ಅನ್ನುವುದು. ಜ್ವರ ಬಂದಾಗ ಊಟ ಮಾಡದಿದ್ದರೂ ಲಿವರ್ ತಾನೇ ಸಕ್ಕರೆ ಬಿಡುತ್ತದೆ. ಹಾಗಾಗಿ ಇನ್ಸುಲಿನ್ ಎಷ್ಟೋ ಸಲ ಜಾಸ್ತಿಯೇ ಬೇಕು. ಶುಗರ್ ಇಳಿದಿದ್ದರೆ ಡೋಸ್ ಎಷ್ಟು ಅಂತ ಡಾಕ್ಟರಿಗೆ ಫೋನ್ ಮಾಡಿ ಕೇಳಿ, ಪೂರ್ತಿ ಮಾತ್ರ ನಿಲ್ಲಿಸಬೇಡಿ.

ಈಗ ನಮ್ಮ ಮನೆಯಲ್ಲಿ ಶುಗರ್ 250 ದಾಟಿದರೆ ಅಥವಾ ವಾಂತಿಯಾದರೆ ಮೊದಲು ಕೀಟೋನ್ ನೋಡುತ್ತೇವೆ. ಮೂತ್ರದಲ್ಲಿ ಅದ್ದುವ ಪಟ್ಟಿ ಮೆಡಿಕಲ್ ಶಾಪ್‌ನಲ್ಲಿ ಸಿಗುತ್ತದೆ. ಬಣ್ಣ ನೇರಳೆಗೆ ತಿರುಗಿದಷ್ಟೂ ಕೀಟೋನ್ ಜಾಸ್ತಿ. ಎರಡು ಗಂಟೆಗೊಮ್ಮೆ ಶುಗರ್ ನೋಡುವುದು, ನೀರು, ಉಪ್ಪು ಹಾಕಿದ ನೀರುಮಜ್ಜಿಗೆ ಗುಟುಕು ಗುಟುಕಾಗಿ ಕುಡಿಸುವುದು. ಜ್ವರದ ದಿನ ಎಷ್ಟು ಇನ್ಸುಲಿನ್ ಅಂತ ಡಾಕ್ಟರು ಬರೆದುಕೊಟ್ಟ ಚೀಟಿ ಫ್ರಿಜ್ಜಿನ ಬಾಗಿಲಿಗೇ ಅಂಟಿಸಿದ್ದೇನೆ. ನೀವೂ ಈಗಲೇ ಬರೆಸಿಕೊಳ್ಳಿ.

ಕುಡಿದ ನೀರೂ ನಿಲ್ಲದೆ ವಾಂತಿಯಾದರೆ, ಪಟ್ಟಿ ಗಾಢ ಬಣ್ಣಕ್ಕೆ ತಿರುಗಿದರೆ, ಉಸಿರು ಜೋರಾದರೆ, ಮಂಪರು ಬಂದರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಇದರಲ್ಲಿ ಒಂದೇ ಒಂದು ಕಂಡರೂ ಸಾಕು. ಆಸ್ಪತ್ರೆಯ ಬಾಗಿಲಲ್ಲೇ "ಟೈಪ್ 1 ಇದೆ, ಕೀಟೋನ್ ಬಂದಿದೆ" ಅನ್ನಿ. ಮನೆಯಲ್ಲೇ ಮೇಲಿಂದ ಮೇಲೆ ಸೂಜಿ ಚುಚ್ಚಿ ಇಳಿಸಲು ಹೋಗಬೇಡಿ. ಇನ್ಸುಲಿನ್ ಕೊಟ್ಟಾಗ ರಕ್ತದ ಪೊಟ್ಯಾಸಿಯಂ ಕುಸಿಯುತ್ತದೆ, ಹೃದಯಕ್ಕೆ ಅದು ಅಪಾಯ. ಮಕ್ಕಳಿಗೆ ಮಿದುಳು ಊದುವ ಭಯವೂ ಇರುತ್ತದೆ. ಅದಕ್ಕೇ ಅಲ್ಲಿ ಡ್ರಿಪ್ಪನ್ನು ಅಳೆದು ಅಳೆದು, ನಿಧಾನವಾಗಿ ಕೊಡುತ್ತಾರೆ.

ಇನ್ನೊಬ್ಬರ ಉತ್ತರ: ನಮ್ಮ ತಂದೆಗೆ ಟೈಪ್ 2, ವಯಸ್ಸು 71. ಕಾಲಿನ ಗಾಯ ಕೀವಾಗಿತ್ತು. ಐದಾರು ದಿನ ಪದೇಪದೇ ಮೂತ್ರಕ್ಕೆ ಹೋಗುತ್ತಿದ್ದರು, ಆದರೆ ನೀರು ಕೇಳಲಿಲ್ಲ. ವಾಂತಿ ಇಲ್ಲ, ವಾಸನೆ ಇಲ್ಲ. ನಾಲಿಗೆ ಒಣಗಿ, ಮೊಮ್ಮಗನ ಗುರುತೇ ಸಿಗದ ಹಾಗಾಯಿತು. ಮೀಟರಿನಲ್ಲಿ ಅಂಕಿ ಬರಲಿಲ್ಲ, 'ಎಚ್ಐ' ಅಂತ ಬಂತು. ಕೆಟ್ಟಿದೆ ಅಂದುಕೊಂಡು ಸೆಲ್ ಬದಲಿಸಿದೆವು. ಬಹಳಷ್ಟು ಮೀಟರುಗಳಲ್ಲಿ ಅದಕ್ಕೆ 600 ದಾಟಿದೆ ಅಂತ ಅರ್ಥ. ಆ ಅರ್ಧ ದಿನ ಸುಮ್ನೆ ಹೋಯಿತಲ್ಲ ಅಂತ ಈಗಲೂ ಸಂಕಟವಾಗುತ್ತದೆ.

ಮತ್ತೊಬ್ಬರು: ಡಾಪಾಗ್ಲಿಫ್ಲೋಜಿನ್ ಥರದ, ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವ ಶುಗರ್ ಮಾತ್ರೆ ತಗೊಳ್ಳುವವರು ಗಮನಿಸಿ. ನನ್ನ ಶುಗರ್ ಬರೀ 190 ಇತ್ತು, ಆದರೂ ಡಿಕೆಎ ಆಗಿತ್ತು. ವಾಂತಿ, ಉಪವಾಸ, ಆಪರೇಷನ್ ಇದ್ದಾಗ ಆ ಮಾತ್ರೆ ನಿಲ್ಲಿಸಬೇಕಾ ಅಂತ ಡಾಕ್ಟರನ್ನು ಮೊದಲೇ ಕೇಳಿಟ್ಟುಕೊಳ್ಳಿ.